ಹಿನ್ನೀರಿನ ದಾರಿಗಳು: ಸೈಕಲ್ ಸವಾರರಿಗೊಂದು ಚರಿತ್ರೆಯ ಪಾಠ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ್ದಾರೆ. ಕೆಲವು ವರ್ಷಗಳಿಂದ ಅವರಲ್ಲಿ ಸೈಕಲ್ ಪ್ರವಾಸದ ಹವ್ಯಾಸ ಬೆಳೆದಿರುವುದನ್ನು ಕಂಡು ಸಂತೋಷಪಟ್ಟಿದ್ದೇನೆ. ಹತ್ತಾರು ಗೇರುಗಳುಳ್ಳ ಸೈಕಲ್ಲುಗಳನ್ನು ರೈಲಿನಲ್ಲಿ ತಂದು, ಸಾಗರ ಜಂಬಗಾರು ನಿಲ್ದಾಣದಲ್ಲಿಳಿದು, ‘ಸಾರ್, ಮೂರು ದಿನ ಈ ಕಡೆ ತಿರುಗಬೇಕೆಂದಿದ್ದೇವೆ. ಕಾಡು, ಗುಡ್ಡ, ನೀರು ಮೂರೂ ಸಿಗುವಂಥ ದಾರಿ ಹೇಳಿ’ ಎಂದು ದೂರವಾಣಿಯಲ್ಲಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಇಲ್ಲಿ ಒಮ್ಮೆ ಬರೆದಿಡುವುದು ಲೇಸೆನಿಸಿತು. ದಾರಿ ಕೇಳಿದವರಿಗೆ ಊರಿನ ಚರಿತ್ರೆಯನ್ನೂ ಸೇರಿಸಿ ಹೇಳುವುದು ಸಮಾಜ ವಿಜ್ಞಾನದ ಮೇಷ್ಟ್ರುಗಳ ಹಳೆಯ ಚಾಳಿ. ಅದನ್ನು ನೀವು ಬಲ್ಲಿರಿ, ಸಹಿಸಿಕೊಳ್ಳಿರಿ.

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ವಾಯವ್ಯ ದಿಕ್ಕಿಗೆ ಹರಿದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇಡೀ ಪಯಣ ಕೇವಲ 128 ಕಿಲೋಮೀಟರಿನದು. ಈ ಚಿಕ್ಕ ನದಿಯ ಇಕ್ಕೆಲಗಳಲ್ಲಿರುವ ಸಾಗರ, ಹೊಸನಗರ ತಾಲ್ಲೂಕುಗಳೇ ನಮ್ಮ ಪ್ರವಾಸದ ಕ್ಷೇತ್ರ. ಇಲ್ಲಿ ಸೈಕಲ್ ತುಳಿಯುವವನಿಗೆ ಹೆಜ್ಜೆಹೆಜ್ಜೆಗೂ ನೀರು ಎದುರಾಗುತ್ತದೆ. ಆದರೆ ಈ ನೀರು ಎರಡು ಬಗೆಯದು. ಒಂದು, ಊರು ತನಗಾಗಿ ಕಟ್ಟಿಕೊಂಡ ಕೆರೆ. ಇನ್ನೊಂದು, ದೂರದ ಊರುಗಳ ಬೆಳಕಿಗಾಗಿ ಇಲ್ಲಿನ ಊರುಗಳನ್ನೇ ಒಳಗೊಂಡ ಹಿನ್ನೀರು. ಛಾಯಾಚಿತ್ರದಲ್ಲಿ ಎರಡೂ ಒಂದೇ ರೀತಿ ನೀಲಿಯಾಗಿ ಕಾಣಿಸುತ್ತವೆ. ಅವುಗಳ ವ್ಯತ್ಯಾಸವನ್ನು ತಿಳಿದು ತುಳಿಯಬೇಕೆಂಬುದೇ ಈ ಲೇಖನದ ಉದ್ದೇಶ.

ಎತ್ತಿನ ಗಾಡಿ ಮತ್ತು ಸೈಕಲ್ಲು

ಮಲೆನಾಡಿನ ದಾರಿಗಳು ಸೈಕಲ್ಲಿಗೆ ಕಷ್ಟವೆಂದು ಬಯಲುಸೀಮೆಯವರು ಭಾವಿಸುವುದುಂಟು. ಅದು ಪೂರ್ಣ ಸತ್ಯವಲ್ಲ. ಇಲ್ಲಿನ ಹಾದಿಗಳು ಮೊದಲು ಹೇರೆತ್ತುಗಳ ಹಾದಿಗಳಾಗಿದ್ದವು. ಮೇಲಿನಿಂದ ಮೆಣಸು, ಅಡಿಕೆ, ಅಕ್ಕಿ ಕೆಳಗಿಳಿಯುತ್ತಿದ್ದವು. ಕೆಳಗಿನಿಂದ ಉಪ್ಪು ಮೇಲೇರುತ್ತಿತ್ತು. ಬೆನ್ನ ಮೇಲೆ ಹೇರು ಹೊತ್ತ ಎತ್ತು ಎಂಥ ಕಡಿದಾದ ಹಾದಿಯನ್ನಾದರೂ ಏರಬಲ್ಲದು. ಆದರೆ ಗಾಡಿಗೆ ಕಟ್ಟಿದ ಎತ್ತು ಏರಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಘಟ್ಟಗಳಿಗೆ ಗಾಡಿರಸ್ತೆ ಮಾಡಿದಾಗ, ಗುಡ್ಡವನ್ನು ನೇರವಾಗಿ ಹತ್ತದೆ ಅದರ ಮೈಯನ್ನು ಸುತ್ತಿ ಸುತ್ತಿ, ಎತ್ತುಗಳು ದಣಿಯದಷ್ಟು ಏರು ಕೊಟ್ಟು ದಾರಿ ಕಡಿದರು. ಉತ್ತರದ ದೇವಿಮನೆ, ಅರಬೈಲು ಘಟ್ಟಗಳ ರಸ್ತೆಗಳಲ್ಲಿ ಧಾರವಾಡ ಸೀಮೆಯ ಹತ್ತಿಯ ಗಾಡಿಗಳು ಕುಮಟಾ, ಕಾರವಾರ ಬಂದರುಗಳಿಗೆ ಇಳಿದದ್ದು ಹೀಗೆಯೇ. ಮನುಷ್ಯನ ಕಾಲಿಗೂ ಗಾಡಿಯೆತ್ತಿನ ಹೆಗಲಿಗೂ ಸಾಮರ್ಥ್ಯದಲ್ಲಿ ಏನೋ ಒಂದು ನಂಟಿದೆಯೆಂದು ನನಗೆ ತೋರುತ್ತದೆ. ಎತ್ತಿಗೆ ಒಗ್ಗಿದ ಏರು ಸೈಕಲ್ಲಿಗೂ ಒಗ್ಗುತ್ತದೆ. ಇತ್ತೀಚೆಗೆ ಯಂತ್ರಗಳಿಂದ ಗುಡ್ಡ ಸೀಳಿ ನೇರ ಮಾಡಿದ ಹೆದ್ದಾರಿಗಳೇ ಸವಾರನ ಉಸಿರು ಹಿಡಿಸುತ್ತವೆ.

ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದಲ್ಲಿ ಸೈಕಲ್ಲು ಹವ್ಯಾಸದ ವಸ್ತುವಾಗಿರಲಿಲ್ಲ. ಡೈನಮೋ ದೀಪ, ಹಿಂದೊಂದು ಕ್ಯಾರಿಯರ್, ಮುಂದೆ ಹ್ಯಾಂಡಲಿಗೆ ನೇತುಹಾಕಿದ ಊಟದ ಡಬ್ಬಿ. ಇಷ್ಟರಲ್ಲಿ ಶಾಲೆ ತಲಪಬೇಕು. ಏರಿನಲ್ಲಿ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಬ್ರೇಕಿನ ರಬ್ಬರು ಸವೆಯುವಂತೆ ಹಿಡಿಯುವುದು, ಹಳ್ಳ ಬಂದಲ್ಲಿ ಸೈಕಲ್ಲನ್ನು ಹೆಗಲಿಗೇರಿಸಿ ಅಡಿಕೆಮರದ ಸಂಕ ದಾಟುವುದು ನಿತ್ಯದ ವ್ಯಾಯಾಮವಾಗಿತ್ತು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು ತುಳಿಯುತ್ತಿದ್ದವರೂ ಇದ್ದರು. ಆ ನಿಧಾನಗತಿಯಿಂದ ಒಂದು ಲಾಭವಾಯಿತು. ಬಸ್ಸಿನಲ್ಲಿ ಹೋಗುವವನಿಗೆ ಕಾಣದ ಸಂಗತಿಗಳು ಕಂಡವು. ದಾರಿಯು ಕಾರಣವಿಲ್ಲದೆ ಏಕೆ ತಿರುಗಿತು, ಯಾರೂ ಇಲ್ಲದೆಡೆ ಹಳೆಯ ಹಲಸಿನ ಮರ ಏಕಿದೆ ಎಂಬ ಪ್ರಶ್ನೆಗಳು ಹುಟ್ಟಿದವು. ಚರಿತ್ರೆಯ ಪಾಠಕ್ಕೆ ಇವೇ ಆರಂಭ.

ಮೊದಲ ದಿನ: ಕೆರೆಗಳ ದಾರಿ

ಮೊದಲ ದಿನವನ್ನು ಸಾಗರದ ಆಸುಪಾಸಿಗೆ ಮೀಸಲಿಡಿರಿ. ಸಾಗರವೆಂಬ ಹೆಸರೇ ಒಂದು ಕೆರೆಯಿಂದ ಬಂದದ್ದು. ಕೆಳದಿಯ ಸದಾಶಿವನಾಯಕನು ಕಟ್ಟಿಸಿದ ಸದಾಶಿವಸಾಗರವೇ ಇಂದು ಊರಿನ ನಡುವಣ ಗಣಪತಿ ಕೆರೆ. ಅಲ್ಲಿಂದ ಉತ್ತರಕ್ಕೆ ಸುಮಾರು 8 ಕಿಲೋಮೀಟರಿನಲ್ಲಿ ಕೆಳದಿ, ದಕ್ಷಿಣಕ್ಕೆ ಸುಮಾರು 6 ಕಿಲೋಮೀಟರಿನಲ್ಲಿ ಇಕ್ಕೇರಿ. ಹದಿನಾರನೆಯ ಶತಮಾನದ ಆರಂಭದ ವೇಳೆಗೆ ವಿಜಯನಗರದ ಆಶ್ರಯದಲ್ಲಿ ತಲೆಯೆತ್ತಿ, 1763ರವರೆಗೆ ಆಳಿದ ನಾಯಕರ ಮೊದಲ ಎರಡು ರಾಜಧಾನಿಗಳಿವು. ಕೆಳದಿಯಲ್ಲಿ ರಾಮೇಶ್ವರ, ವೀರಭದ್ರ ದೇಗುಲಗಳನ್ನೂ ವಸ್ತುಸಂಗ್ರಹಾಲಯವನ್ನೂ ನೋಡಿರಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಗರ್ಭಗುಡಿಯ ಎದುರಿನ ನೆಲಹಾಸಿನಲ್ಲಿ ಸಾಷ್ಟಾಂಗ ಮಲಗಿದ ನಾಯಕರ ಕೆತ್ತನೆಗಳಿವೆ. ಅರಸನಾದವನು ಭಕ್ತರ ಕಾಲಡಿಯಲ್ಲಿ ತನ್ನ ಆಕೃತಿಯನ್ನು ಕೆತ್ತಿಸಿಕೊಂಡದ್ದನ್ನು ತರಗತಿಯಲ್ಲಿ ನಾನು ಅನೇಕ ಸಲ ಹೇಳಿದ್ದೇನೆ.

ಈ ದಾರಿಯಲ್ಲಿ ಸಿಗುವ ಕೆರೆಗಳನ್ನು ಗಮನಿಸಿರಿ. ಎರಡು ದಿಣ್ಣೆಗಳ ನಡುವಣ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ; ಏರಿಯ ಬುಡದಲ್ಲಿ ತೂಬು; ಹೆಚ್ಚಾದ ನೀರು ಹೊರಹೋಗಲು ಪಕ್ಕದಲ್ಲಿ ಕೋಡಿ. ಕೆಳಗೆ ಗದ್ದೆ, ಅದರಾಚೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ ಮತ್ತು ಕಾನು. ಬೇಸಿಗೆಯಲ್ಲಿ ತೆಗೆದ ಹೂಳು ತೋಟಕ್ಕೆ ಗೊಬ್ಬರವಾಗುತ್ತಿತ್ತು. ಬಹಳ ಕಡೆ ಕೆರೆಯ ಏರಿಯೇ ಊರಿನ ದಾರಿಯೂ ಹೌದು. ಕಟ್ಟಿದವರು, ಕಾಯ್ದವರು, ಬಳಸಿದವರು ಒಂದೇ ಊರಿನವರಾದ್ದರಿಂದ ಕೆರೆಯು ಎಷ್ಟು ದೊಡ್ಡದಾಗಬೇಕೆಂಬುದು ಊರಿಗೆ ತಿಳಿದಿತ್ತು. ಊರನ್ನು ಮುಳುಗಿಸಿ ಯಾರೂ ತಮ್ಮೂರಿಗೆ ಕೆರೆ ಕಟ್ಟಿಕೊಳ್ಳುವುದಿಲ್ಲ.

ಸಾಗರದ ಸಮೀಪದ ಕಾಗೋಡನ್ನೂ ನೆನೆಯದೆ ಮುಂದೆ ಹೋಗಲಾಗದು. 1951ರಲ್ಲಿ ಅಲ್ಲಿನ ಗೇಣಿದಾರರು ಗೇಣಿಭತ್ತ ಅಳೆಯುವ ಕೊಳಗದ ಅನ್ಯಾಯವನ್ನು ಪ್ರಶ್ನಿಸಿ ನಡೆಸಿದ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕರ್ನಾಟಕದಲ್ಲಿ ಕಾನೂನಾಗುವುದಕ್ಕೆ ಈ ಮಣ್ಣೂ ಕಾರಣ. ವಿಪರ್ಯಾಸವೇನೆಂದರೆ, ಇಲ್ಲಿ ಉಳುವವನು ಹೊಲ ಕೇಳುತ್ತಿದ್ದ ಕಾಲದಲ್ಲಿಯೇ, ಕೆಲವೇ ಮೈಲಿಗಳಾಚೆ ಉಳುವ ಹೊಲಗಳೇ ಇಲ್ಲವಾಗುವ ಕಾಲ ಹತ್ತಿರವಾಗುತ್ತಿತ್ತು.

ಇಟಲಿಯ ಯಾತ್ರಿಕ ಕಂಡ ಶಾಲೆ

ಆ ಮಾತಿಗೆ ಬರುವ ಮುನ್ನ ಇಕ್ಕೇರಿಯ ದಾರಿ ಹಿಡಿದು ಬಂದ ಒಬ್ಬ ಪರದೇಶಿಯನ್ನು ಪರಿಚಯಿಸಬೇಕು. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಯಾತ್ರಿಕನು ಗೋವೆಯ ಪೋರ್ಚುಗೀಸರು ಕಳುಹಿಸಿದ ರಾಯಭಾರಿಯ ಜೊತೆಯಲ್ಲಿ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಬಂದನು. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಅಲ್ಲಿಂದ ಘಟ್ಟ ಹತ್ತಿ ಮಲೆನಾಡಿಗೆ. ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ ಕೆಲವು ಬಾಲಕರು ನೆಲದ ಮೇಲೆ ನುಣುಪಾದ ಮರಳು ಹರವಿ, ಬೆರಳಿನಿಂದ ಅಂಕಿ ಬರೆಯುತ್ತ, ಬರೆದುದನ್ನು ಒಟ್ಟಾಗಿ ರಾಗವೆಳೆದು ಹಾಡುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕುತೂಹಲದಿಂದ ನೋಡಿ ತನ್ನ ಪತ್ರದಲ್ಲಿ ಬಣ್ಣಿಸಿದ್ದಾನೆ. ಕಾಗದವೂ ಬೇಡ, ಬಳಪವೂ ಬೇಡ. ಬಿ.ಎಡ್. ತರಬೇತಿಯಲ್ಲಿ ನಮಗೆ ಪಾಶ್ಚಾತ್ಯ ಶಿಕ್ಷಣತಜ್ಞರ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿಸಿದರು. ನಮ್ಮದೇ ಘಟ್ಟದ ಮೇಲೆ ನಾನೂರು ವರ್ಷಗಳ ಹಿಂದೆ ನಡೆಯುತ್ತಿದ್ದ ಈ ಪಾಠಕ್ರಮವನ್ನು ನಾನು ಓದಿ ತಿಳಿದದ್ದು ಎಷ್ಟೋ ಕಾಲದ ನಂತರ.

ಗೇರುಸೊಪ್ಪೆಯ ಹಳೆಯ ಪಟ್ಟಣವಿದ್ದದ್ದು ಶರಾವತಿಯ ಎಡದಂಡೆಯಲ್ಲಿ. ಇಕ್ಕೇರಿ ಇರುವುದು ಬಲಗಡೆಯ ನೆಲದಲ್ಲಿ. ಆದುದರಿಂದ ಆ ದಾರಿ ಘಟ್ಟದ ಮೇಲೆ ನದಿಯನ್ನು ಎಲ್ಲಿಯಾದರೂ ದಾಟಲೇಬೇಕಿತ್ತು. ಮೆಣಸಿನ ಹೇರುಗಳೂ ಅರಸರ ದಂಡುಗಳೂ ದಾಟುತ್ತಿದ್ದ ಆ ಕಣಿವೆಯ ಬಹುಭಾಗ ಇಂದು ನೀರಿನಡಿಯಲ್ಲಿದೆ.

ಎರಡನೆಯ ದಿನ: ಹಿನ್ನೀರಿನ ದಾರಿ

ಎರಡನೆಯ ದಿನ ಬೆಳಗ್ಗೆ ಬೇಗನೆ ಹೊರಟು ಆವಿನಹಳ್ಳಿಯ ಮೂಲಕ ಅಂಬಾರಗೋಡ್ಲಿಗೆ ಹೋಗಿರಿ. ದಾರಿ ಏರಿಳಿಯುತ್ತ ಸಾಗಿ, ಥಟ್ಟನೆ ಸಮುದ್ರದಂಥ ಜಲರಾಶಿಯ ಎದುರು ನಿಲ್ಲಿಸುತ್ತದೆ. ನಡುನಡುವೆ ಹಸಿರು ದ್ವೀಪಗಳು. ಅವು ನಿಜವಾಗಿ ದ್ವೀಪಗಳಲ್ಲ, ಗುಡ್ಡಗಳ ನೆತ್ತಿಗಳು.

ಇಲ್ಲಿ ಮೊದಲು ಬಂದದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಮೈಸೂರು ಸಂಸ್ಥಾನದ ಕಾಲದಲ್ಲಿ ಆರಂಭವಾದ ಈ ಯೋಜನೆಯಿಂದ 1948ರ ಹೊತ್ತಿಗೆ ಜೋಗದಲ್ಲಿ ವಿದ್ಯುತ್ತು ಹುಟ್ಟಿತು. ಕೃಷ್ಣರಾಜೇಂದ್ರರ ಹೆಸರಿನಲ್ಲಿದ್ದ ವಿದ್ಯುದಾಗಾರವು ಅನಂತರ ಮಹಾತ್ಮ ಗಾಂಧಿಯವರ ಹೆಸರು ಪಡೆಯಿತು. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರು ರೂಪಿಸಿದ, ನೀರು ಮಟ್ಟ ಮೀರಿದೊಡನೆ ಬಾಗಿಲಿನ ಗೊಡವೆಯಿಲ್ಲದೆ ತಾನೇ ಹೊರಚೆಲ್ಲುವ ಸೈಫನ್ನುಗಳು ಆ ಅಣೆಕಟ್ಟಿನ ವೈಶಿಷ್ಟ್ಯ. ಹದಿನಾರು ವರ್ಷಗಳಲ್ಲಿ ಅದೂ ಸಾಲದಾಯಿತು. 1964ರಲ್ಲಿ ಕೆಳಗಡೆ ಲಿಂಗನಮಕ್ಕಿಯಲ್ಲಿ ಭಾರಿ ಅಣೆಕಟ್ಟು ಪೂರ್ಣಗೊಂಡಿತು. 151 ಟಿ.ಎಂ.ಸಿ.ಗೂ ಮಿಗಿಲಾದ ಸಾಮರ್ಥ್ಯ. ತುಂಬಿದಾಗ ಸುಮಾರು 300 ಚದರ ಕಿಲೋಮೀಟರಿನ ಹರವು. ಹಳೆಯ ಅಣೆಕಟ್ಟು ಹೊಸ ಅಣೆಕಟ್ಟಿನ ನೀರಿನಲ್ಲಿಯೇ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದರ ಸೈಫನ್ನುಗಳು ಕೆಸರಿನ ನಡುವೆ ಮೇಲೇಳುತ್ತವೆ. ಶರಾವತಿ ವಿದ್ಯುದಾಗಾರದ ಇಂದಿನ ಸಾಮರ್ಥ್ಯ 1035 ಮೆಗಾವಾಟ್. ಕರ್ನಾಟಕದ ಕಾರ್ಖಾನೆಗಳೂ ನಗರಗಳೂ ಬೆಳೆದದ್ದು ಈ ವಿದ್ಯುತ್ತಿನಿಂದ ಎಂಬುದರಲ್ಲಿ ಎರಡು ಮಾತಿಲ್ಲ.

ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಈ ಅಂಕಿಯನ್ನು ನೀವು ಕಂಡಿರುತ್ತೀರಿ. ಭೂಗೋಳದ ತರಗತಿಯಲ್ಲಿ ಸಮೋನ್ನತಿ ರೇಖೆಯನ್ನು ಕಲಿಸುವಾಗ ನಾನು ಕರಿಹಲಗೆಯ ಮೇಲೆ ಈ 1819ರ ರೇಖೆಯನ್ನೇ ಬರೆಯುತ್ತಿದ್ದೆ. ಸಮೋನ್ನತಿ ರೇಖೆಯೆಂದರೆ ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಕಾಲ್ಪನಿಕ ಗೆರೆ ಎಂದು ಪಠ್ಯಪುಸ್ತಕ ಹೇಳುತ್ತದೆ. ನಮ್ಮ ಕಡೆ ಅದು ಕಾಲ್ಪನಿಕವಾಗಿರಲಿಲ್ಲ. ಗೆರೆಯ ಕೆಳಗೆ ಮನೆಯಿದ್ದವನು ಊರು ಬಿಡಬೇಕು. ಮನೆ ಗೆರೆಯ ಮೇಲೂ ಗದ್ದೆ ಗೆರೆಯ ಕೆಳಗೂ ಇದ್ದವನ ಪಾಡು ಇನ್ನೂ ಕಷ್ಟ. ಮನೆ ಉಳಿಯಿತು, ಬದುಕು ಮುಳುಗಿತು. ದೀವರು, ಹವ್ಯಕರು, ಇನ್ನಿತರ ಅನೇಕ ಸಮುದಾಯಗಳ ಸಾವಿರಾರು ಕುಟುಂಬಗಳು ದನಕರು, ಪಾತ್ರೆಪಗಡೆ, ದೇವರ ಕಲ್ಲುಗಳೊಡನೆ ಲಾರಿ ಹತ್ತಿ ಶಿವಮೊಗ್ಗ, ಸೊರಬ, ಸಾಗರ ಸೀಮೆಗಳ ಕಾಡುನೆಲಗಳಿಗೆ ಹೋದವು. ಅವರಿಗೆ ಊರಿನ ಹೆಸರು ಹೋಗಿ ‘ಮುಳುಗಡೆಯವರು’ ಎಂಬ ಹೆಸರು ಬಂತು. ನನ್ನ ತರಗತಿಗಳಲ್ಲಿ ಅವರ ಮಕ್ಕಳಿದ್ದರು. ಸ್ವಂತ ಊರು ಯಾವುದೆಂದು ಕೇಳಿದರೆ ಕೆಲವರು ‘ಮುಳುಗಡೆ ಸಾರ್’ ಎಂದೇ ಹೇಳುತ್ತಿದ್ದರು. ಆ ಮಕ್ಕಳು ಹುಟ್ಟುವ ಮೊದಲೇ ನೀರು ತುಂಬಿತ್ತು. ಆದರೂ ಅದೇ ಅವರ ಊರು.

ನಾಡಿಗೆ ಬೆಳಕು ಕೊಟ್ಟ ಇವರಲ್ಲಿ ಅನೇಕರು ಹೊಸ ನೆಲೆಗಳಲ್ಲಿ ವರ್ಷಗಟ್ಟಲೆ ಸೀಮೆಎಣ್ಣೆ ದೀಪದಲ್ಲಿ ಬದುಕಿದರು. ಅರಣ್ಯಭೂಮಿಯಲ್ಲಿ ನೆಲೆಗೊಂಡವರ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳು ಕಳೆದರೂ ಪೂರ್ಣವಾಗಿ ಬಗೆಹರಿದಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿದ್ದು ಇದನ್ನೆಲ್ಲ ಕಣ್ಣಾರೆ ಕಂಡ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಮುಂತಾದ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು. ಸಾಗರದಲ್ಲಿಯೇ ಬಾಳಿದ ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಪ್ರವಾಸಕ್ಕೆ ಮುನ್ನ ಈ ಕೃತಿಗಳಲ್ಲಿ ಒಂದನ್ನಾದರೂ ಓದಿರಿ ಎಂಬುದು ನನ್ನ ಶಿಫಾರಸು.

ಸೇತುವೆ

ನೀರು ತುಂಬಿದ ಮೇಲೆ ಎಡದಂಡೆಯ ಕರೂರು, ಬಾರಂಗಿ ಹೋಬಳಿಗಳು ತಾಲ್ಲೂಕು ಕೇಂದ್ರದಿಂದ ಬೇರ್ಪಟ್ಟವು. ಸಾಗರಕ್ಕೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚ್ ಹಿಡಿಯಬೇಕು, ಇಲ್ಲವೇ ಹೊಸನಗರದ ಕಡೆಯಿಂದ ದೊಡ್ಡ ಸುತ್ತು ಹಾಕಬೇಕು. ಬಸ್ಸು, ಜೀಪು, ದಿಬ್ಬಣ, ಬಾಣಂತಿ, ಬಾಳೆಗೊನೆ, ಎಲ್ಲವೂ ಒಂದೇ ಲಾಂಚಿನಲ್ಲಿ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಕಾಯಿಲೆ ಬಿದ್ದವರು ಬೆಳಗಿನ ತನಕ ಕಾಯಬೇಕಿತ್ತು. ಪ್ರವಾಸಿಗರಿಗೆ ಲಾಂಚ್ ವಿನೋದವಾಗಿತ್ತು. ತುಮರಿಯವರಿಗೆ ಅದು ಉಸಿರಿನ ಕೊಳವೆಯಾಗಿತ್ತು. ಸೇತುವೆಗಾಗಿ ಅವರು ದಶಕಗಟ್ಟಲೆ ಹೋರಾಡಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು 2.44 ಕಿಲೋಮೀಟರ್ ಉದ್ದದ, ಉಕ್ಕಿನ ಕಂಬಿಗಳಿಂದ ತೂಗಿದ ಸೇತುವೆಯು 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಸಿಗಂದೂರು ಚೌಡೇಶ್ವರಿಯ ಹೆಸರಿನಿಂದ ಅದನ್ನು ಕರೆಯುತ್ತಾರೆ.

ಲಾಂಚ್ ಹೋದುದಕ್ಕೆ ನಿಟ್ಟುಸಿರಿಡುವ ಮಾತುಗಳನ್ನು ಪಟ್ಟಣದವರಿಂದ ಕೇಳಿದ್ದೇನೆ. ಅದರಲ್ಲಿ ನನಗೆ ಸಹಮತವಿಲ್ಲ. ಅರವತ್ತು ವರ್ಷ ತಡವಾಗಿ ಬಂದ ನ್ಯಾಯವದು. ಆದರೆ ಒಂದು ಸಂಗತಿ ಮನಸ್ಸಿಗೆ ಬರುತ್ತದೆ. ಲಾಂಚಿಗಾಗಿ ಕಾಯುವ ಹೊತ್ತಿನಲ್ಲಿ ದಡದ ಚಹಾ ಅಂಗಡಿಯಲ್ಲಿ ಕುಳಿತ ಹಿರಿಯರು ‘ಅಗೋ, ಆ ಗುಡ್ಡದ ಕೆಳಗೆ ನಮ್ಮ ಮನೆಯಿತ್ತು’ ಎಂದು ಕೈ ತೋರಿಸುತ್ತಿದ್ದರು. ಮುಳುಗಡೆಯ ಭೂಪಟವನ್ನು ನಾನು ಕಲಿತದ್ದು ಹಾಗೆ. ಸೇತುವೆಯ ಮೇಲೆ ವಾಹನಗಳು ಕೆಲವೇ ನಿಮಿಷಗಳಲ್ಲಿ ದಾಟುತ್ತವೆ. ಕೈ ತೋರಿಸಲು ಯಾರಿಗೂ ಬಿಡುವಿಲ್ಲ. ಸೈಕಲ್ ಸವಾರರು ಮಾತ್ರ ದಾಟಿದ ಮೇಲೆ ದಡದಲ್ಲಿ ನಿಂತು, ಊರವರೊಡನೆ ನಾಲ್ಕು ಮಾತಾಡಬಲ್ಲರು.

ಸೇತುವೆ ದಾಟಿ ತುಮರಿ, ಬ್ಯಾಕೋಡುಗಳ ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಕೊಡಚಾದ್ರಿಯ 1343 ಮೀಟರ್ ಎತ್ತರದ ಶಿಖರ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ನಿಟ್ಟೂರು, ಸಂಪೆಕಟ್ಟೆಗಳ ಮೇಲೆ ನಗರ ತಲಪಬಹುದು. ಏರು ಹೆಚ್ಚು, ಅಂಗಡಿಗಳು ಕಡಿಮೆ. ನೀರನ್ನೂ ಪಂಕ್ಚರ್ ಸಾಮಾನನ್ನೂ ಜೊತೆಯಲ್ಲಿಟ್ಟುಕೊಳ್ಳಿರಿ.

ಮೂರನೆಯ ದಿನ: ನಗರ ಮತ್ತು ಬಟ್ಟೆಮಲ್ಲಪ್ಪ

ನಗರವೆಂದರೆ ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಭೂಕಂದಾಯಕ್ಕೆ ‘ಶಿಸ್ತು’ ಎಂಬ ಕ್ರಮವನ್ನು ತಂದ ಶಿವಪ್ಪನಾಯಕ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಚೆನ್ನಮ್ಮಾಜಿ ಆಳಿದ ಊರು. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರನಗರವೆಂದು ಕರೆದನು. ಕೋಟೆಯನ್ನು ನೋಡಿದ ಮೇಲೆ ಹತ್ತಿರದ ದೇವಗಂಗೆಗೆ ಹೋಗಿರಿ. ಬೆಟ್ಟದ ನೀರನ್ನು ಕಲ್ಲಿನ ಕೊಳದಿಂದ ಕೊಳಕ್ಕೆ ಹರಿಯಿಸಿದ ಅರಸರ ಕಾಲದ ರಚನೆ ಅದು. ಹಿಂದಿನ ದಿನ ಕಂಡ ಸಮುದ್ರದಂಥ ನೀರಿನ ನಂತರ ಈ ಪುಟ್ಟ ಕೊಳಗಳ ಬಳಿ ಕುಳಿತರೆ, ನೀರಿನೊಡನೆ ಮನುಷ್ಯನ ಸಂಬಂಧ ಎಷ್ಟು ಬದಲಾಯಿತೆಂದು ತಾನಾಗಿಯೇ ಹೊಳೆಯುತ್ತದೆ.

ಹಿಂದಿರುಗುವಾಗ ಹೊಸನಗರದಿಂದ ಬಟ್ಟೆಮಲ್ಲಪ್ಪದ ಮೂಲಕ ಸಾಗರಕ್ಕೆ ಬನ್ನಿರಿ. ಹಳಗನ್ನಡದಲ್ಲಿ ‘ಬಟ್ಟೆ’ಯೆಂದರೆ ದಾರಿ. ದಾರಿಯ ಮಲ್ಲಪ್ಪ, ದಾರಿಹೋಕರನ್ನು ಕಾಯುವವನು ಎಂದು ಅರ್ಥಮಾಡಿಕೊಳ್ಳಲು ನನಗೇನೂ ಅಡ್ಡಿ ಕಾಣದು. ಸೈಕಲ್ ಸವಾರರು ಅಲ್ಲಿ ಕೈಮುಗಿದು ಬರಲಿ.

ಕೆಲವು ಎಚ್ಚರಿಕೆಗಳು. ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಮಳೆಗಾಲದಲ್ಲಿ ದರೆ ಕುಸಿಯುತ್ತದೆ, ಉಂಬಳಗಳ ಕಾಟವೂ ಉಂಟು. ಈ ಭಾಗದ ಕಾಡಿನ ಬಹುಪಾಲು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಅನುಮತಿಯಿಲ್ಲದೆ ಕಾಡುದಾರಿ ಹಿಡಿಯಬಾರದು. ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ನೆಲ ಗಟ್ಟಿಯೆಂದು ನಂಬಿ ಇಳಿಯಬಾರದು, ಅದು ಹೂಳು.

ಕೊನೆಯದಾಗಿ ಒಂದು ಕೋರಿಕೆ. ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಮುಳುಗಡೆಯ ಮನೆತನಗಳಿಂದ ಬಂದವರಿದ್ದೀರಿ. ಲಾರಿ ಹತ್ತಿದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ಮನೆಯ ಹಿರಿಯರ ಬಳಿ ಕುಳಿತು ಊರಿನ ಹೆಸರು, ಕೆರೆಯ ಹೆಸರು, ಗದ್ದೆಗಳಿಗಿದ್ದ ಹೆಸರುಗಳನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಗದ್ದೆಯೊಂದಕ್ಕೂ ಹೆಸರಿರುತ್ತಿದ್ದ ಕಾಲವದು. ಸರ್ಕಾರದ ಕಡತಗಳಲ್ಲಿ ಸರ್ವೆ ನಂಬರು ಸಿಗಬಹುದು, ಆ ಹೆಸರುಗಳು ಸಿಗಲಾರವು. ಬರೆದುದನ್ನು ನನಗೂ ಕಳುಹಿಸಿದರೆ ಸಂತೋಷ. ಮುಂದಿನ ಸಲ ಯಾರಾದರೂ ದಾರಿ ಕೇಳಿದಾಗ, ನೀರಿನಡಿಯ ಊರುಗಳ ಹೆಸರನ್ನೂ ಸೇರಿಸಿ ಹೇಳುತ್ತೇನೆ.

ಎಲ್ಲರಿಗೂ ಶುಭವಾಗಲಿ. ಸೈಕಲ್ಲಿನ ಬ್ರೇಕು ಸರಿಯಾಗಿದೆಯೇ ಎಂದು ನೋಡಿಕೊಂಡು ಹೊರಡಿರಿ.